ರೊಟ್ಟಿ ಬಡಿಯುವ ಕೈ ನಿಂತಾಗ

ರಾಯಚೂರು
18 ನವೆಂಬರ್ 2024, ಸೋಮವಾರ

ಪ್ರೀತಿಯ ಮಗಳೇ ಮೇಘಾ,

ಹೇಗಿದ್ದೀಯವ್ವಾ? ಪುಣೆಯಲ್ಲಿ ಚಳಿ ಶುರುವಾಗಿರಬೇಕು. ನಿನ್ನ ಆ ದೊಡ್ಡ ಪಿಟೀಲು, ಚೆಲ್ಲೋ, ಹಿಡಿದು ಹಿಡಿದು ನೋಯುತ್ತಿದ್ದ ಎಡಗೈ ಹೆಬ್ಬೆರಳು ಈಗ ಹೇಗಿದೆ? ನನ್ನ ಸಕ್ಕರೆ ಕಾಯಿಲೆ ಚೆನ್ನಾಗಿದೆ. ಅದೊಂದು ನನ್ನನ್ನು ಬಿಟ್ಟು ಹೋಗಿಲ್ಲ.

ಮೊದಲು ಆಗಸ್ಟಿನ ಕಾರ್ಯಕ್ರಮದ ಖರ್ಚು ಹೇಳಿಬಿಡುತ್ತೇನೆ, ನನಗೆ ಮಾತು ಶುರುಮಾಡಲು ಬರುವುದು ಹಾಗೆಯೇ. ಹಾಲ್ ಬಾಡಿಗೆ ಎಂಟು ಸಾವಿರ, ನಿಮ್ಮ ಐವರ ರೈಲು ಟಿಕೆಟ್ಟು ಒಂಬತ್ತು, ಊಟ ವಸತಿ ಏಳು. ಒಟ್ಟು ಇಪ್ಪತ್ತನಾಲ್ಕು ಸಾವಿರ. ಮೈಕ್‌ಸೆಟ್ಟು ನಮ್ಮದೇ ಅಂಗಡಿಯದು, ಅದಕ್ಕೆ ಏನೂ ಹಿಡಿಯಲಿಲ್ಲ. ಕಡೆಗೆ ಎಲ್ಲಕ್ಕಿಂತ ದುಬಾರಿ ಬಿದ್ದದ್ದು ಅದೇ.

ನೀನು ಮೊದಲೇ ಹೇಳಿದ್ದೆ: "ಯಪ್ಪಾ, ಮೈಕ್ ಬ್ಯಾಡ. ಕೋಣ್ಯಾಗ ಕುಂತು ಕೇಳೋ ಸಂಗೀತ ಇದು." ನಿಮ್ಮ ತಂಡ ಈಗಿನವರು ಈಗ ಬರೆದದ್ದನ್ನಷ್ಟೇ ನುಡಿಸುತ್ತದೆ, ಅದರಲ್ಲಿ ಉಸಿರೂ ಒಂದು ಸ್ವರ ಎಂದೂ ತಿಳಿಸಿ ಹೇಳಿದ್ದೆ. ನಾನು ಕೇಳಿಸಿಕೊಂಡೆ, ಒಪ್ಪಲಿಲ್ಲ. ಮೈಕ್‌ಸೆಟ್ಟಿನವನ ಮಗಳ ಕಾರ್ಯಕ್ರಮಕ್ಕೇ ಮೈಕಿಲ್ಲ ಅಂದರೆ ಮಂದಿ ಏನಂದಾರು? ಎರಡು ಮೈಕ್ ನಿಲ್ಲಿಸಿಯೇಬಿಟ್ಟೆ. ಒಂದರ ಸ್ಟ್ಯಾಂಡು ಅಲುಗಾಡುತ್ತಿತ್ತು, ಬಾಗಿಲಲ್ಲಿ ಹಂಚುತ್ತಿದ್ದ, ನೀವು ನುಡಿಸುವುದರ ವಿವರ ಬರೆದಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅದರ ಕಾಲಿಗೆ ಒತ್ತು ಕೊಟ್ಟೆ. ಓದಲಿಲ್ಲ.

ಕಡೆಗೆ ನುಡಿಸಿದ್ದು ನೀನೇ ಬರೆದದ್ದು. ಚೆಲ್ಲೋದ ಹೊಟ್ಟೆಯ ಮೇಲೆ ಅಂಗೈಯಿಂದ ಪಟಪಟ ಬಡಿಯುತ್ತಿದ್ದೆ, ಉಳಿದ ನಾಲ್ವರು ಸಣ್ಣಗೆ ಸ್ವರ ಎಳೆಯುತ್ತಿದ್ದರು. ಒಮ್ಮೆಲೇ ಐವರೂ ನಿಂತಿರಿ. ಮೂವತ್ತು ವರ್ಷದ ಕಸುಬಿನಲ್ಲಿ ನನಗೆ ಗೊತ್ತಿರುವುದು ಒಂದೇ: ಸದ್ದು ನಿಂತರೆ ವೈರು ಕಿತ್ತಿದೆ, ಇಲ್ಲವೇ ಜನರೇಟರಿನ ಡೀಸೆಲ್ ಮುಗಿದಿದೆ. ಮಾನ್ವಿಯ ಮದುವೆಯೊಂದರಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸೌಂಡ್ ನಿಂತು ಬೀಗರು ನನ್ನ ಕೊರಳಪಟ್ಟಿ ಹಿಡಿದಿದ್ದರು. ಅಂದಿನಿಂದ ನನ್ನ ಕಾಲು ತಲೆಗಿಂತ ಮೊದಲು ಓಡುತ್ತದೆ. ಓಡಿತು. ವೇದಿಕೆ ಹತ್ತಿ, ಮೈಕಿನ ತಲೆ ಬಡಿದು, "ಹಲೋ, ಹಲೋ, ಚೆಕ್" ಅಂದೆ. ದೇವದುರ್ಗದಿಂದ ಬಂದಿದ್ದ ನಮ್ಮ ಮಂದಿ, ನಾನು ಸರಿಮಾಡಿದೆನೆಂದು, ಚಪ್ಪಾಳೆಯನ್ನೂ ಹೊಡೆದರು.

ಮರುದಿನ ಸ್ಟೇಷನ್ನಿನಲ್ಲಿ ನೀನು ಆಡಿದ್ದು ಒಂದೇ ಮಾತು. "ಅಷ್ಟೊತ್ತಾದ್ರೂ ಸುಮ್ನ ಇರ್ಬೇಕಿತ್ತು ನೀನು." ಆಮೇಲೆ ಮೂರು ತಿಂಗಳು ಫೋನ್ ಇಲ್ಲ. ನಾನು ಮಾಡಿದರೆ ನೀನು ಎತ್ತುವುದಿಲ್ಲ.

ಹೋದ ವಾರ ಮಲ್ಲಟದ ಮದುವೆಗೆ ಸಾಮಾನು ಕಟ್ಟುವಾಗ ನಮ್ಮ ಆಪರೇಟರ್ ಶಾಮೀದಸಾಬನಿಗೆ ಮಡಿಚಿದ ಆ ಕಾಗದ ಮೈಕಿನ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಓದಿದೆ. ಐವರೂ ನಿಲ್ಲುವ ಜಾಗದ ಬಗ್ಗೆ, ಅವ್ವ ರೊಟ್ಟಿ ಬಡಿಯುತ್ತಿರುವಾಗ ಕೈ ನಿಲ್ಲಿಸಿ, ಅಪ್ಪನ ಟಂಟಂ ಗಾಡಿಯ ಸದ್ದು ಬಂತೇನೋ ಎಂದು ಕಿವಿಗೊಡುತ್ತಿದ್ದ ಹೊತ್ತು, ನಲವತ್ತು ಸೆಕೆಂಡು, ಎಂದು ಬರೆದಿದ್ದೆ.

ಮೇಘಾ, ನನಗೆ ಇದು ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ದೇವದುರ್ಗದ ಆ ಒಂದಂಕಣದ ಮನೆಗೆ ನಾನು ಬಂದಾಗಲೆಲ್ಲ ನಿನ್ನ ಅವ್ವ ಬಾಲಮ್ಮ ರೊಟ್ಟಿ ಬಡಿಯುತ್ತಲೇ ಇರುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ. ಇವಳಿಗೆ ನಾನು ಬಂದರೂ ಒಂದೇ, ಬಾರದಿದ್ದರೂ ಒಂದೇ ಅಂದುಕೊಂಡಿದ್ದೆ. ಮದುವೆಯ ಸೀಜನ್ನಿನಲ್ಲಿ ನಾಲ್ಕು ನಾಲ್ಕು ದಿನ ಬರುತ್ತಿರಲಿಲ್ಲ. ಆ ದಿನಗಳಲ್ಲಿ ಎಷ್ಟು ಸಲ ಕೈ ನಿಂತಿತ್ತೋ, ಅದನ್ನು ನೋಡುತ್ತ ಕೂತಿದ್ದ ನಿನಗೊಬ್ಬಳಿಗೇ ಗೊತ್ತು. ಆಕೆ ಹೋಗಿ ನಾಲ್ಕು ವರ್ಷವಾಯಿತು. ಕೇಳೋಣವೆಂದರೆ ಯಾರನ್ನು ಕೇಳಲಿ?

ಶಾಮೀದಸಾಬ ಅಂದಿನದನ್ನು ರೆಕಾರ್ಡ್ ಮಾಡಿಟ್ಟಿದ್ದ. ಇಬ್ಬರೂ ಅಂಗಡಿಯಲ್ಲಿ ಕೂತು ಕೇಳಿದೆವು. ಪಟಪಟ ನಿಲ್ಲುತ್ತದೆ. ಏನೂ ಇಲ್ಲ. ಆಮೇಲೆ ದೂರದಿಂದ ನನ್ನ ಚಪ್ಪಲಿಯ ಸದ್ದು, ಹತ್ತಿರ ಹತ್ತಿರ ಬರುತ್ತದೆ. ಶಾಮೀದಸಾಬ ಮೆಲ್ಲಗೆ ಅಂದ: "ಅಯ್ಯಪ್ಪಣ್ಣ, ಆವಾಗ ಕಾದಾಕಿಗೆ ಬರ್ಲಿಲ್ಲ, ಈಗ ಓಡಿ ಬಂದಿ ನೋಡು." ಅವನ ಮೇಲೆ ಸಿಟ್ಟು ಬರಲಿಲ್ಲ. ಇನ್ನೊಮ್ಮೆ ಹಚ್ಚು ಅಂದೆ.

ಯಾರಿಗೆ ಏನು ಸಿಕ್ಕಿತೆಂದು ಕೂಡಿಸಿದೆ. ಮಂದಿಗೆ ಒಂದೂವರೆ ತಾಸು ಹೊಸ ಸಂಗೀತ. ಶಾಮೀದಸಾಬನಿಗೆ ಹೋದಲ್ಲೆಲ್ಲ ಹೇಳಲು ಒಂದು ಕಥೆ. ನಿನ್ನ ಅವ್ವನಿಗೆ, ತಡವಾಗಿಯಾದರೂ, ಗಂಡ ಬಂದ. ನನಗೆ, ಆಕೆ ಕಾದದ್ದು ತಿಳಿಯಿತು. ನಿನಗೆ ಏನೂ ಸಿಗಲಿಲ್ಲ. ಇದ್ದ ನಲವತ್ತು ಸೆಕೆಂಡನ್ನೂ ನಾನೇ ಕಸಿದುಕೊಂಡೆ.

ಜೊತೆಗಾರರು ನಾಲ್ವರನ್ನೂ ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಬಾಳು, ನುಡಿಸು.

ನಿನ್ನ ಅಪ್ಪ,
ಅಯ್ಯಪ್ಪ

ತಾ.ಕ.: ಕೊರಿಯರಿನವನು ಬಾಗಿಲು ಹಾಕುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಒಂದು ಸಲ ಫೋನ್ ಮಾಡು. ಮಾತಾಡಲು ಮನಸ್ಸಿಲ್ಲದಿದ್ದರೆ ಆಡಬೇಡ. ನಾನು ಹಲೋ ಅನ್ನುವುದಿಲ್ಲ. ಕಿವಿಗೆ ಹಿಡಿದುಕೊಂಡು, ನೀನು ಇಡುವ ತನಕ, ಸುಮ್ಮನೆ ಇರುತ್ತೇನೆ.