ಬಾಯಿಮಾತಿನ ಅಳತೆ

ಜೂನ್ ೮, ಭಾನುವಾರ

ಮುದ್ದು ಪುಟ್ಟಿಗೆ,

ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ನಾನು ಗಟ್ಟಿಯಾಗಿದ್ದೇನೆ, ಎಷ್ಟು ಗಟ್ಟಿ ಎನ್ನುವುದನ್ನು ಮುಂದೆ ಹೇಳುತ್ತೇನೆ. ನಿನ್ನ ಕಾಗದಕ್ಕೆ ಉತ್ತರಿಸಲು ಎರಡು ತಿಂಗಳು ಹಿಡಿಯಿತು. ಸ್ಕೂಲು ಯೂನಿಫಾರಂ ಹೊಲಿಯುವ ಕಾಲ, ಪುರುಸೊತ್ತಿಲ್ಲ ಎಂದು ನೆಪ ಹೇಳುವುದಿಲ್ಲ. "ಅಮ್ಮನಿಗೆ ಸ್ಟ್ರೋಕ್ ಆದ ತಿಂಗಳು ಬಿಪಿ ಮಾತ್ರೆ ತರೋಕೆ ಮರೆತವಳು ನಾನೇ ಅಲ್ವಾ ದೊಡ್ಡಮ್ಮ" ಎಂದು ಬರೆದಿದ್ದೆಯಲ್ಲ, ಆ ಸಾಲಿಗೆ ಬಂದಾಗಲೆಲ್ಲ ಪೆನ್ನು ಮುಚ್ಚಿಡುತ್ತಿದ್ದೆ.

ಈಗ ಬರೆಯಲು ಕಾರಣ ಒಬ್ಬ ನರ್ಸಮ್ಮ. ಹೋದ ವಾರ ಒಂದು ಪೆಟ್ಟಿಗೆ ಹಿಡಿದು ಅಂಗಡಿಗೆ ಬಂದಳು. ಅರವತ್ತು ದಾಟಿದ ಹೆಂಗಸರ ಆರೋಗ್ಯದ ಸಮೀಕ್ಷೆಯಂತೆ.

"ಬಿಪಿ ಇದೆಯಾ ಅಮ್ಮಾ?"

"ಇತ್ತು, ವಾಸಿಯಾಯ್ತು. ಇಲ್ಲ ಅಂತ ಬರ್ಕೊ" ಎಂದೆ, ಕತ್ತರಿ ಕೆಳಗಿಡದೆ. ಐದು ವರ್ಷದ ಹಿಂದೆ ಡಾಕ್ಟರು "ನಾರ್ಮಲ್ ಇದೆ" ಎಂದ ದಿನವೇ ನಾನು ಮಾತ್ರೆಗೆ ಕೈಮುಗಿದು ಬಿಟ್ಟುಬಿಟ್ಟಿದ್ದೆ.

ನಮ್ಮ ಕಾಜಾ ಹಾಕುವವಳು ನಿನಗೆ ಗೊತ್ತಲ್ಲ, ಒಂದು ಗುಂಡಿ ಕಳೆದರೂ ಬೀದಿಗೆಲ್ಲ ಕೇಳುವಂತೆ ಕೂಗಾಡುವವಳು. ಅವಳು "ನಂಗಿದೆ, ತುಂಬಾನೇ ಇದೆ" ಎಂದಳು. ಯಾರು ನೋಡಿ ಹೇಳಿದ್ರು ಎಂದು ನರ್ಸಮ್ಮ ಕೇಳಿದರೆ, "ನೋಡೋದೇನು? ಇವರ ಹತ್ರ ಇಪ್ಪತ್ತು ವರ್ಷ ಕೆಲಸ ಮಾಡಿದ್ರೆ ಬರದೆ ಇರುತ್ತಾ?"

ನರ್ಸಮ್ಮ ಇಬ್ಬರ ಬಾಯಿಯನ್ನೂ ಮುಚ್ಚಿಸಿ ಐದು ನಿಮಿಷ ಸುಮ್ಮನೆ ಕೂರಿಸಿದಳು. ಈ ಅಂಗಡಿ ಅಷ್ಟು ಹೊತ್ತು ತೆಪ್ಪಗಿದ್ದದ್ದು ಅದೇ ಮೊದಲು. ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಕಾಜಾದವಳದು ನೂರ ಇಪ್ಪತ್ತು, ಎಂಬತ್ತು. ನನ್ನದು ನೂರ ಎಪ್ಪತ್ತೆರಡು, ನೂರು! "ನಿನ್ನ ಮಷಿನ್ನು ಕೆಟ್ಟಿದೆ" ಎಂದೆ. ಮೂರು ಸಲ ನೋಡಿದಳು, ಮಷಿನ್ನು ಜಗ್ಗಲಿಲ್ಲ.

"ಇದಕ್ಕೇ ಅಮ್ಮಾ, ಮೊದ್ಲು ಕೇಳ್ತೀವಿ, ಆಮೇಲೆ ಅಳೀತೀವಿ. ಹೇಳಿದ್ದಕ್ಕೂ ಇರೋದಕ್ಕೂ ಎಷ್ಟು ತಾಳೆ ಆಗುತ್ತೆ ಅಂತ ನೋಡೋದೇ ನಮ್ಮ ಕೆಲಸ. ನಿಮ್ಮದು ವಾಸಿಯಾಗಿರ್ಲಿಲ್ಲ, ಮಾತ್ರೆ ಹಿಡಿದಿಟ್ಟಿತ್ತು. ಬಿಟ್ರೆ ಮತ್ತೆ ಏರುತ್ತೆ."

ನಾಚಿಕೆಯಾಯಿತು ಪುಟ್ಟಿ. "ಹಳೇ ಅಳತೆಗೇ ಹೊಲೀರಿ, ನಾನೇನೂ ದಪ್ಪ ಆಗಿಲ್ಲ" ಎಂದು ಬರುವವರನ್ನು ನಾನು ಎಂದಾದರೂ ನಂಬಿದ್ದೇನೆಯೇ? ಟೇಪು ಹಿಡಿಯದೆ ಬಟ್ಟೆಗೆ ಕತ್ತರಿ ತಾಗಿಸಿದವಳಲ್ಲ. ನನ್ನ ಮೈಯ ವಿಷಯ ಮಾತ್ರ ಬಾಯಿಮಾತಲ್ಲೇ ಮುಗಿಸಿಬಿಟ್ಟಿದ್ದೆ.

ಮರುದಿನವೇ ಡಾಕ್ಟರ ಹತ್ತಿರ ಹೋದೆ. ಮಾತ್ರೆ ಶುರುವಾಗಿದೆ, ದಾರದ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದೇನೆ. ಗಿರಾಕಿಗಳ ಅಳತೆ ಪುಸ್ತಕದಲ್ಲಿ ನನಗೂ ಒಂದು ಪುಟ ಮಾಡಿಕೊಂಡಿದ್ದೇನೆ. ನಿನ್ನೆ ನೂರ ಐವತ್ತೆಂಟು. ಇಳಿಸಿಯೇ ತೀರುತ್ತೇನೆ, ನೋಡುತ್ತಿರು. ಕಾಜಾದವಳಿಗೆ ಬಿಪಿ ಇಲ್ಲದ್ದೇ ಅವಮಾನವಾಗಿದೆ, ಇನ್ನೊಮ್ಮೆ ನೋಡಿಸುತ್ತಾಳಂತೆ. ನೀನೂ ನೋಡಿಸಿಕೊ. ಅಮ್ಮನಿಗಿತ್ತು, ನನಗಿದೆ.

ನಿನ್ನ ತಲೆಯ ಮೇಲೆ ನನ್ನ ಎರಡೂ ಕೈಗಳಿವೆ. ನೂರು ಕಾಲ ನಗುತ್ತಿರು.

ನಿನ್ನ ದೊಡ್ಡಮ್ಮ

ವಿ.ಸೂ.: ಆ ಸಾಲಿಗೆ ಉತ್ತರ. ನೀನು ಮರೆಯುವುದಕ್ಕೆ ಒಂದು ತಿಂಗಳ ಮೊದಲೇ ನಿನ್ನಮ್ಮ ಮಾತ್ರೆ ನಿಲ್ಲಿಸಿದ್ದಳು. ಹಿಂದಿನ ಸಲ ನೀನು ತಂದದ್ದು ಒಂದೂ ಒಡೆಯದೆ ಅವಳ ಬೀರುವಿನಲ್ಲೇ ಇತ್ತು. ಅದನ್ನು ನಿನ್ನ ಕಣ್ಣಿಗೆ ಬೀಳದಂತೆ ತೆಗೆದಿಟ್ಟವಳು ನಾನು. ಮಾತ್ರೆ ಬಿಟ್ಟದ್ದಕ್ಕೇ ಹೀಗಾಯಿತೇನೋ ಎಂಬ ಅನುಮಾನವಿತ್ತು, ಯಾರನ್ನೂ ಕೇಳುವ ಧೈರ್ಯವಿರಲಿಲ್ಲ. "ಅಕ್ಕಾ, ಡಾಕ್ಟರು ನಾರ್ಮಲ್ ಅಂದ್ರು, ಮಾತ್ರೆ ಬಿಡಬಹುದಾ?" ಎಂದು ಅವಳು ಕೇಳಿದ್ದಳು. "ನಾನು ಬಿಟ್ಟಿಲ್ವಾ? ಮೈಗೆ ಸರಿಹೋದ ಬಟ್ಟೆನ ಯಾಕೆ ಮತ್ತೆ ಮತ್ತೆ ಹೊಲೀಬೇಕು?" ಎಂದೆ. ನಿನ್ನಮ್ಮ ಬುದ್ಧಿ ಬಂದಾಗಿನಿಂದ ನಾನು ಹೊಲಿದದ್ದನ್ನೇ ತೊಟ್ಟವಳು, ನಾನು ತೆಗೆದ ಅಳತೆಯನ್ನು ಒಮ್ಮೆಯೂ ಬೇರೆಯವರಿಗೆ ತೋರಿಸಿ ಕೇಳಿದವಳಲ್ಲ. ಅವತ್ತೂ ಬೇರೆಯವರನ್ನು ಕೇಳಲಿಲ್ಲ. ನೀನಲ್ಲ ಪುಟ್ಟಿ, ನಾನು.