ಅಕ್ಕನ ಮೈಯಲ್ಲಿ ಕಬ್ಬಿಣ ಹೆಚ್ಚಾಗಿದೆ, ಗುಳಿಗೆ ನಿಲ್ಲಿಸಿ

ರಕ್ತಹೀನತೆ ನಿವಾರಣಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನ್ನ ಅಕ್ಕನಿಗೆ ನಿಮ್ಮ ವಿಭಾಗ ಎರಡು ವರ್ಷ ಕಬ್ಬಿಣದ ಗುಳಿಗೆ ನುಂಗಿಸಿತು. ಅವಳ ಮೈಯಲ್ಲಿ ಕಬ್ಬಿಣಕ್ಕೆ ಕೊರತೆಯೇ ಇರಲಿಲ್ಲ. ಈಗ ಅದು ಹೋಗಿ ಲಿವರ್‌ನಲ್ಲಿ ಕೂತಿದೆ. ಹೊರಹಾಕುವ ಔಷಧಿ ಕೊಡಿ ಎಂದರೆ, ನಿಮ್ಮ ದಫ್ತರದಲ್ಲಿ ಅವಳಿಗೆ ಕಬ್ಬಿಣ ಕಡಿಮೆ, ಆದ್ದರಿಂದ ಕೊಡಲಾಗದು! ಸೋಪಿನ ನೀರಿಗೆ ಬೆರಳು ಸುಲಿದಿರುವುದರಿಂದ ಇದನ್ನು ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ಮಾತು ಒರಟಾಗಿದ್ದರೆ ಅದು ಫೋನಿನ ತಪ್ಪಲ್ಲ.

ನಾವಿಬ್ಬರೂ ಊರು ಬಿಟ್ಟು ಬಂದು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿದ್ದೇವೆ. ಮೂರು ತಿಂಗಳಿಗೊಮ್ಮೆ ನಿಮ್ಮವರು ಬಂದು ಇಸ್ತ್ರಿ ಮೇಜಿನ ಮೇಲೆಯೇ ಪೆಟ್ಟಿಗೆ ಬಿಚ್ಚಿ ಬೆರಳು ಚುಚ್ಚುತ್ತಾರೆ. ಒಂದು ಹನಿ, ಹಿಮೋಗ್ಲೋಬಿನ್ನಿನ ಒಂದು ಅಂಕಿ. ಹನ್ನೆರಡಕ್ಕಿಂತ ಕೆಳಗಿದ್ದರೆ ಗುಳಿಗೆ. ಯಾಕೆ ಕೆಳಗಿದೆ ಎಂದು ಬರೆಯಲು ನಿಮ್ಮ ನಮೂನೆಯಲ್ಲಿ ಜಾಗವೇ ಇಲ್ಲ. ಅಕ್ಕನದು ಎಂಟು. ಆರು ತಿಂಗಳು ನುಂಗಿದ ಮೇಲೂ ಎಂಟು. ಆಗ ನಿಮ್ಮವರು ಏನೆಂದುಕೊಂಡರು? ಕಾಯಿಲೆ ಬೇರೆ ಇರಬಹುದು ಎಂದೇ? ಇಲ್ಲ, ಅಕ್ಕ ಕಳ್ಳಿ ಎಂದು!

“ಏನಮ್ಮಾ, ಗುಳಿಗೆ ಚರಂಡಿಗೆ ಹಾಕ್ತೀಯೋ ಹೇಗೆ?” ಅಂದರು ನಿಮ್ಮ ಆರೋಗ್ಯ ಸಹಾಯಕಿ.

“ಅಯ್ಯೋ ಇಲ್ಲ ಮೇಡಂ, ನುಂಗಿ ನುಂಗಿ ಹೊಟ್ಟೆ ಕಲ್ಲಾಗಿದೆ.”

“ಕಥೆ ಬೇಡ. ನಾಳೆಯಿಂದ ದಿನಕ್ಕೆರಡು. ಮೇಲ್ವಿಚಾರಕಿ ಎದುರೇ ನುಂಗು.”

ಅಂದಿನಿಂದ ಅಕ್ಕ ಒಗೆಯುವ ಯಂತ್ರದ ಪಕ್ಕ ನಿಂತು, ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಬೇಕಾಯಿತು. ಮೇಲ್ವಿಚಾರಕಿ ಇಣುಕಿ ನೋಡಿ ಗೀಟು ಹಾಕುತ್ತಿದ್ದರು. ಆ ಗೀಟುಗಳೆಲ್ಲ ನಿಮ್ಮ ವಾರ್ಷಿಕ ವರದಿಯಲ್ಲಿ ಸಾಧನೆಯಾಗಿ ಮೆರೆಯುತ್ತಿರಬೇಕು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನನ್ನ ಅಂಕಿ ಹನ್ನೊಂದು. ಮನೆಗೆಂದು ಕೊಟ್ಟ ನನ್ನ ಗುಳಿಗೆಗಳನ್ನೂ ಅವಳಿಗೇ ತಿನ್ನಿಸಿದೆ. “ತಗೋ ಅಕ್ಕಾ, ಅಂಕಿ ಬೇಗ ಏರಲಿ, ಆ ನಾಲಿಗೆ ತೋರಿಸೋ ಕರ್ಮ ತಪ್ಪಲಿ” ಎಂದು.

“ನೀನೂ ಅವರ ಕಡೆ ಸೇರ್ಕೊಂಡ್ಯಾ?” ಅಂತ ನಗುತ್ತಲೇ ನುಂಗುತ್ತಿದ್ದಳು.

ಹೋದ ತಿಂಗಳು ಕಣ್ಣು ಹಳದಿಯಾಗಿ, ಮೆಟ್ಟಿಲ ಮೇಲೆ ಕುಸಿದಳು. ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಒಬ್ಬ ಹಿರಿಯರು ಅವಳ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿ, ಇನ್ನೆರಡು ಪರೀಕ್ಷೆ ಮಾಡಿಸಿ ನನ್ನನ್ನು ಕರೆದರು. “ಥಲಸ್ಸೇಮಿಯಾ ಕಣಮ್ಮ. ಕಬ್ಬಿಣ ಅನ್ನೋ ಇಟ್ಟಿಗೆ ರಾಶಿ ಬಿದ್ದಿದೆ, ರಕ್ತ ಮಾಡೋ ಮೇಸ್ತ್ರಿಗೆ ಹುಟ್ಟುತ್ತಲೇ ತಪ್ಪು ನಕ್ಷೆ ಸಿಕ್ಕಿದೆ. ಗೋಡೆ ಏಳ್ತಿಲ್ಲ ಅಂತ ನೀವು ಇನ್ನೂ ಇಟ್ಟಿಗೆ ಇಳಿಸಿದ್ದೀರಿ.”

ಅಪ್ಪನಿಂದೊಂದು, ಅಮ್ಮನಿಂದೊಂದು ತಪ್ಪು ಕೂಡಿದರೆ ಬರುವ ಕಾಯಿಲೆಯಂತೆ. ನಮಗಿದ್ದ ಪಿತ್ರಾರ್ಜಿತ ಅದೊಂದೇ. ಅಕ್ಕನಿಗೆ ಎರಡೂ ಪಾಲು ಬಂತು; ನನ್ನ ರಕ್ತವನ್ನೂ ನೋಡಿದರು, ನನಗೆ ಒಂದು. ಅದರಿಂದ ನನಗೇನೂ ತೊಂದರೆಯಿಲ್ಲ, ಮದುವೆಯಾಗುವವನ ರಕ್ತ ಮಾತ್ರ ಮೊದಲು ಪರೀಕ್ಷಿಸಬೇಕಂತೆ. ಇಷ್ಟು ತಿಳಿಸಲು ಅವರಿಗೆ ಹತ್ತು ನಿಮಿಷ ಸಾಕಾಯಿತು. ನಿಮಗೆ ಎರಡು ವರ್ಷ ಸಾಲಲಿಲ್ಲವೇ?

ವರದಿ ಹಿಡಿದು ನಿಮ್ಮ ಕೌಂಟರಿಗೆ ಬಂದೆ. ಗುಮಾಸ್ತರು ತಲೆ ಎತ್ತಲಿಲ್ಲ. “ಇಲ್ಲಿ ಕಬ್ಬಿಣದ ಕೊರತೆ ಅಂತಿದೆ. ತಿದ್ದಬೇಕಂದ್ರೆ ನಿಮ್ಮೂರಿನ ಕಚೇರಿ ಪತ್ರ ತನ್ನಿ.”

“ಊರಲ್ಲಿ ಯಾರೂ ಅವಳ ಬೆರಳು ಚುಚ್ಚಿಲ್ಲ ಸಾರ್. ಚುಚ್ಚಿದ್ದು ನೀವು.”

“ನಿಯಮ ಕಣಮ್ಮಾ, ನಾನೇನ್ ಮಾಡ್ಲಿ?”

ಗುಳಿಗೆ ನುಂಗಿಸುವಾಗ ಯಾವೂರು ಎಂದು ಯಾರೂ ಕೇಳಲಿಲ್ಲವಲ್ಲ ಮಾನ್ಯರೇ? ಅದೇ ಕೌಂಟರಿನಿಂದ ಈ ತಿಂಗಳೂ ಅವಳ ಹೆಸರಿಗೆ ಅರವತ್ತು ಗುಳಿಗೆ ಬಂದಿವೆ, ಕೇಳದೆಯೇ.

ನಿಮ್ಮ ದಫ್ತರದ ಆ ಒಂದು ಸಾಲನ್ನು ಈ ವಾರವೇ ಹೊಡೆದುಹಾಕಿ, ಅಕ್ಕನಿಗೆ ಕಬ್ಬಿಣ ತೆಗೆಯುವ ಔಷಧಿ ಕೊಡಿ. ಗುಳಿಗೆ ನುಂಗಿಯೂ ಅಂಕಿ ಏರದ ಹೆಂಗಸರ ಬಾಯೊಳಗೆ ಇಣುಕುವುದನ್ನು ಬಿಟ್ಟು, ಅವರ ರಕ್ತವನ್ನು ಇನ್ನೊಮ್ಮೆ ನೋಡಿ. ನಮ್ಮ ಲಾಂಡ್ರಿಯಲ್ಲೇ ಅಂಥವರು ಇನ್ನೂ ಮೂವರಿದ್ದಾರೆ, ನಾಳೆ ಬೆಳಿಗ್ಗೆಯೂ ನಾಲಿಗೆ ಎತ್ತುತ್ತಾರೆ.

ಅರವತ್ತು ಗುಳಿಗೆಗಳನ್ನು ಈ ಪತ್ರದ ಜೊತೆ ವಾಪಸ್ ಕಳಿಸಿದ್ದೇನೆ. ಎಣಿಸಿಕೊಳ್ಳಿ. ನುಂಗಿದ್ದಾಳೆ ಎಂದು ಮಾತ್ರ ಗೀಟು ಹಾಕಬೇಡಿ.

ಇಂತಿ,
ತನ್ನ ಪಾಲಿನ ಗುಳಿಗೆಯನ್ನೂ ಅಕ್ಕನಿಗೆ ತಿನ್ನಿಸಿದ ತಂಗಿ