ಥಿಯೇಟರ್ ಗೋಡೆಯ ಮುಖ

ಮಗಳೇ,

ಯುದ್ಧ ಬೇಡವೆಂದು ನೀನು ಟಿವಿಯಲ್ಲಿ ಹೇಳಿದ ಮರುದಿನದಿಂದಲೇ, ಥಿಯೇಟರಿನ ಗೋಡೆಗೆ ನಾನು ಬರೆದಿದ್ದ ನಿನ್ನ ಚಿತ್ರಕ್ಕೆ ಜನ ಕೆಸರು ಎರಚತೊಡಗಿದರು. ಮಾಲೀಕರು ಬಂದು, "ನಿಮ್ಮ ಕೈಲಿ ಆಗಲ್ಲ ಬಿಡಿ, ಅಳಿಸೋಕೆ ಬೇರೆ ಪೇಂಟರ್‌ನ ಕರೀತೀನಿ" ಅಂದರು. "ಬೇಡ ಸಾರ್, ನಾನೇ ಅಳಿಸ್ತೀನಿ" ಅಂದೆ. ಏಣಿ ಹತ್ತಿದಾಗ ಕೆಳಗೆ ನಿಂತವರು ಚಪ್ಪಾಳೆ ತಟ್ಟಿದರು. ನಿನ್ನ ಮೊದಲ ಸಿನಿಮಾಕ್ಕೆ ಸೀಟಿ ಹೊಡೆದು ಕುಣಿದವರೇ ಅವರು.

ಬಣ್ಣ ಮಾಸಿತ್ತು, ಅದಕ್ಕೇ ಅಳಿಸಿದೆ ಎಂದು ಅಮ್ಮನಿಗೆ ಹೇಳಿದ್ದೇನೆ. ಫೋನ್ ಮಾಡಿದಾಗ ನೀನೂ ಹಾಗೇ ಹೇಳು. ಸದ್ಯಕ್ಕೆ ಮನೆಗೆ ಬರಬೇಡ.

ಚಿತ್ರ ಬರೆಯುವಾಗ ಕಣ್ಣನ್ನು ಕೊನೆಗೆ ಬರೆಯುವುದು ನಮ್ಮ ಪದ್ಧತಿ. ಅಳಿಸುವಾಗ ನಿನ್ನ ಕಣ್ಣಿಗೇ ಮೊದಲು ಸುಣ್ಣ ಬಳಿದೆ. ಆಮೇಲಿನದು ನಿನಗೆ ಕಾಣದಿರಲಿ ಅಂತ.

ನಿನ್ನ ಅಪ್ಪ